ಕಾಫಿ ತೋಟದ ಮೂಳೆಗಳಿಗೆ ನಾನು ಪಂಚನಾದದ್ದು

ನಮ್ಮೂರಲ್ಲಿ ಪೊಲೀಸರಿಗೆ ಪಂಚರು, ಅಂದರೆ ಸ್ಥಳದಲ್ಲಿ ಕಂಡದ್ದಕ್ಕೆ ಸಹಿ ಹಾಕುವ ಸಾಕ್ಷಿಗಳು, ಬೇಕಾದರೆ ಮೊದಲು ನೆನಪಾಗುವುದು ಮೇಷ್ಟ್ರು. ಸರ್ಕಾರಿ ನೌಕರ, ಓದು ಬರಹ ಬರುತ್ತದೆ, ಕೋರ್ಟಿಗೆ ಕರೆದರೆ ತಪ್ಪಿಸಿಕೊಳ್ಳುವ ಹಾಗಿಲ್ಲ. ಕೊಡಗಿನ ಸುಂಟಿಕೊಪ್ಪದ ಆಚೆ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಪಾಠ ಮಾಡುತ್ತೇನೆ. ಮರ ಕಡಿದ ಕೇಸು, ಬೈಕ್ ಆಕ್ಸಿಡೆಂಟು, ಒಣಗಲು ಹಾಕಿದ್ದ ಕಾಳುಮೆಣಸು ಕಳುವಾದದ್ದು, ಹೀಗೆ ಹಲವು ಮಹಜರುಗಳಲ್ಲಿ ನನ್ನ ಸಹಿ ಇದೆ. ಮೂಳೆಗೆ ಸಹಿ ಹಾಕಿದ್ದು ಇದೇ ಮೊದಲು.

ಕಾಫಿ ಕುಯ್ಲು ಮುಗಿದು, ಹೂವಿಗೆ ನೀರು ಹೊಡೆಯಲು ಎಲ್ಲರೂ ಸ್ಪ್ರಿಂಕ್ಲರ್ ಪೈಪು ಹೊರಗೆ ತೆಗೆಯುವ ಕಾಲ. ಪಕ್ಕದ ತೋಟದ ಯಜಮಾನರು ಕೆರೆ ದೊಡ್ಡದು ಮಾಡಿಸಲು ಹಿಟಾಚಿ ತರಿಸಿದ್ದರು. ಮೇಲಿನ ದಂಡೆ ಬಗೆಯುವಾಗ ಬಕೆಟ್ಟಿನ ಜೊತೆ ಒಂದು ಉದ್ದನೆಯ ಮೂಳೆಯ ತುಂಡು ಬಂತು. ಇನ್ನೊಂದು ಸಲ ಬಗೆದಾಗ ಇನ್ನೂ ನಾಲ್ಕಾರು. ಆಪರೇಟರ್ ಗಾಡಿ ಆಫ್ ಮಾಡಿ ಇಳಿದು ಹೋದವನು ಮತ್ತೆ ಆ ಕಡೆ ಬರಲಿಲ್ಲ. ಬಾಡಿಗೆ ಗಂಟೆ ಲೆಕ್ಕ, ಗಾಡಿ ಅಲ್ಲೇ ನಿಂತಿತ್ತು. ಯಜಮಾನರಿಗೆ ಆ ದಿನ ಅದೇ ದೊಡ್ಡ ಚಿಂತೆ.

ನಾನು ಹೋಗುವಷ್ಟರಲ್ಲಿ ಊರಿಗೆ ಊರೇ ಅಲ್ಲಿತ್ತು. ಕಥೆಗಳೂ ರೆಡಿ ಇದ್ದವು. ಇಪ್ಪತ್ತು ವರ್ಷದ ಹಿಂದೆ ಸಂತೆಗೆ ಹೋಗಿ ವಾಪಸ್ ಬಾರದ ರೈಟರ್ ಒಬ್ಬರಿದ್ದರು, ತೋಟದ ಲೆಕ್ಕ ಬರೆಯುತ್ತಿದ್ದವರು. ಅವರದ್ದೇ ಮೂಳೆ ಅಂತ ಕೆಲವರು. ರಾಜರ ಕಾಲದ್ದು ಅಂತ ಇನ್ನು ಕೆಲವರು. ಒಬ್ಬರು ಪಾಂಡವರ ಮನೆ ಅಂದರು. ಅದು ತೀರಾ ತಳ್ಳಿಹಾಕುವ ಮಾತೇನಲ್ಲ. ಕೊಡಗಿನಲ್ಲಿ ಕಲ್ಲುಚಪ್ಪಡಿ ನಿಲ್ಲಿಸಿ ಕಟ್ಟಿದ ಆ ಹಳೆಯ ಗೋರಿಗಳು ಹಲವು ಕಡೆ ಇವೆ. ಹತ್ತೊಂಬತ್ತನೇ ಶತಮಾನದಲ್ಲೇ ಬ್ರಿಟಿಷ್ ಅಧಿಕಾರಿಗಳು ಕೆಲವನ್ನು ಅಗೆಸಿ ನೋಡಿದ್ದರು. ಆದರೆ ಇಲ್ಲಿ ಚಪ್ಪಡಿಯೂ ಇಲ್ಲ, ಮಡಕೆ ಚೂರೂ ಇಲ್ಲ.

ಎಸ್‌ಐ ಹೊಸಬರು, ಚಿಕ್ಕ ವಯಸ್ಸು. ಅವರು ಬರುವ ಮೊದಲೇ ಅವರ ಕಡೆಯವರು ಒಂದು ಯೂರಿಯಾ ಚೀಲ ತಂದು ಮೂಳೆ ತುಂಬಲು ಹೊರಟಿದ್ದರು. ಆಗ ಮಡಿಕೇರಿಯಿಂದ ಫೊರೆನ್ಸಿಕ್ ಡಾಕ್ಟರ ಫೋನ್ ಬಂತು. ಎಸ್‌ಐ ಸ್ಪೀಕರ್ ಹಾಕಿದ್ದರಿಂದ ನಮಗೂ ಕೇಳಿಸಿತು.

"ಏನನ್ನೂ ಎತ್ತಬೇಡಿ. ಎಲ್ಲಿದೆಯೋ ಅಲ್ಲೇ ಇರಲಿ. ಹಿಟಾಚಿ ಸುರಿದ ಮಣ್ಣೂ ಹಾಗೇ ಇರಲಿ. ಮೇಲೆ ಟಾರ್ಪಾಲು ಹಾಕಿ, ಇಬ್ಬರನ್ನು ಕಾವಲಿಗೆ ಬಿಡಿ. ತಹಶೀಲ್ದಾರರಿಗೆ ಹೇಳಿದ್ದೀರಾ?"

ಕಾನೂನಿನ ಭಾಗ ಬೇಗ ಹೇಳಿಬಿಡುತ್ತೇನೆ. ಹೀಗೆ ಮೂಳೆ ಸಿಕ್ಕರೆ ಮೊದಲು ಆಗುವುದು ಯುಡಿಆರ್, ಅಂದರೆ ಅಸಹಜ ಸಾವಿನ ವರದಿ. ಮೊದಲು ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 174ನೇ ಸೆಕ್ಷನ್ ಅನ್ನುತ್ತಿದ್ದರು. 2024ರ ಜುಲೈ 1ರಿಂದ ಹೊಸ ಕಾನೂನು ಬಂದ ಮೇಲೆ ಅದು ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 194. ನೆಲ ಅಗೆದು ಹೂತದ್ದನ್ನು ತೆಗೆಯುವುದಾದರೆ ಎಕ್ಸಿಕ್ಯೂಟಿವ್ ಮ್ಯಾಜಿಸ್ಟ್ರೇಟ್ ಅಪ್ಪಣೆ ಬೇಕು. ನಮ್ಮಲ್ಲಿ ಅಂದರೆ ತಹಶೀಲ್ದಾರರು. ಇಬ್ಬರು ಪಂಚರು, ಒಬ್ಬ ಫೋಟೋಗ್ರಾಫರ್, ಮಹಜರು. ಎಲ್ಲಾ ಹೊಂದಿಸುವಷ್ಟರಲ್ಲಿ ಮರುದಿನವಾಯಿತು. ರಾತ್ರಿ ಕಾವಲಿಗಿದ್ದ ಕಾನ್‌ಸ್ಟೇಬಲ್‌ಗೆ ಆನೆ ಭಯವೇ ಜಾಸ್ತಿ ಇತ್ತು. ಮೂಳೆಯ ಭಯ ಇರಲಿಲ್ಲ.

ಮರುದಿನ ಡಾಕ್ಟರ ಜೊತೆ ಮೈಸೂರಿನಿಂದ ಒಬ್ಬರು ಮೇಡಂ ಬಂದರು. ಅವರು ಓದಿದ್ದು ಮಾನವಶಾಸ್ತ್ರ, ಅದರಲ್ಲೂ ಮೂಳೆ. ನಮ್ಮ ದೇಶದಲ್ಲಿ ಈ ಕೆಲಸ ಬಹುಮಟ್ಟಿಗೆ ಮೆಡಿಕಲ್ ಕಾಲೇಜಿನ ಫೊರೆನ್ಸಿಕ್ ವಿಭಾಗದವರೇ ಮಾಡುತ್ತಾರೆ. ಪೂರ್ತಿ ಇದನ್ನೇ ಮಾಡುವ ಮಾನವಶಾಸ್ತ್ರಜ್ಞರು ಕಡಿಮೆ. ಡಾಕ್ಟರಿಗೆ ಮಾಂಸ, ರಕ್ತ ಇರುವ ದೇಹದ ಪರಿಚಯ ಹೆಚ್ಚು. ಅದೆಲ್ಲ ಹೋಗಿ ಬರೀ ಮೂಳೆ ಉಳಿದಾಗ, ಸುಟ್ಟಾಗ, ಚೂರಾದಾಗ ಇವರ ಕೆಲಸ ಶುರು. ಯಾರ ಮೂಳೆ, ಗಂಡೋ ಹೆಣ್ಣೋ, ವಯಸ್ಸೆಷ್ಟು, ಎತ್ತರವೆಷ್ಟು, ಏನಾದರೂ ಏಟು ಬಿದ್ದಿತ್ತಾ, ಇಲ್ಲಿಗೆ ಬಂದು ಎಷ್ಟು ಕಾಲವಾಯಿತು, ಇಷ್ಟಕ್ಕೆ ಉತ್ತರ ಹುಡುಕುತ್ತಾರೆ. ಕೊಂದವರು ಯಾರು ಅನ್ನುವುದು ಅವರ ಪಟ್ಟಿಯಲ್ಲೇ ಇಲ್ಲ. ಊರವರಿಗೆ ಬೇಕಿದ್ದದ್ದು ಅದೊಂದೇ.

ಬಂದವರೇ ಗುಂಡಿ ಹತ್ತಿರ ಹೋಗಲಿಲ್ಲ. ಹಿಟಾಚಿ ಸುರಿದಿದ್ದ ಗುಡ್ಡೆಯಿಂದ ಹುಡುಗರು ಆಗಲೇ ಹೆಕ್ಕಿಟ್ಟಿದ್ದ ಮೂಳೆಗಳನ್ನು ನೀಲಿ ಟಾರ್ಪಾಲಿನ ಮೇಲೆ ಹರಡಿಸಿ, ಮಂಡಿಯೂರಿ ಕೂತು, ಒಂದೊಂದನ್ನೇ ಎತ್ತಿ ಎರಡು ಕಡೆ ಇಡುತ್ತಾ ಹೋದರು. ಎಡಕ್ಕೆ ಪ್ರಾಣಿ, ಬಲಕ್ಕೆ ಮನುಷ್ಯ. ಎಡಗಡೆಯ ರಾಶಿಯೇ ದೊಡ್ಡದಾಯಿತು. ಕಡವೆಯ ಕಾಲು, ನಾಯಿಯ ಬೆನ್ನುಮೂಳೆ. ಎಲ್ಲರೂ ಮನುಷ್ಯನದ್ದೇ ಅಂತ ಖಚಿತವಾಗಿ ಹೇಳುತ್ತಿದ್ದ ಒಂದು ದವಡೆ ಹಲ್ಲನ್ನೂ ಎಡಕ್ಕೇ ಇಟ್ಟರು.

"ಇದು ನಮ್ಮ ಹಲ್ಲಲ್ವಾ ಮೇಡಂ?" ಅಂದೆ. ನನಗೂ ಹಾಗೇ ಕಂಡಿತ್ತು.

"ಹಂದಿ," ಅಂದರು. "ನೀವೊಬ್ಬರೇ ಅಲ್ಲ ಬಿಡಿ, ದೊಡ್ಡ ದೊಡ್ಡವರೂ ಇದಕ್ಕೆ ಬಿದ್ದಿದ್ದಾರೆ."

ಅವರು ಹೇಳಿದ ಕಥೆ ನಾನು ಈಗ ಹತ್ತನೇ ಕ್ಲಾಸಿನ ಮಕ್ಕಳಿಗೆ ಹೇಳುತ್ತೇನೆ. ಅಮೆರಿಕದ ನೆಬ್ರಾಸ್ಕಾದಲ್ಲಿ ಸಿಕ್ಕಿದ ಒಂದೇ ಒಂದು ಹಲ್ಲು ನೋಡಿ, ಅದು ಮನುಷ್ಯನನ್ನು ಹೋಲುವ ಆದಿಕಾಲದ ವಾನರನದ್ದು ಅಂತ ಹೆನ್ರಿ ಫೇರ್‌ಫೀಲ್ಡ್ ಆಸ್ಬಾರ್ನ್ ಎಂಬ ಹೆಸರಾಂತ ವಿಜ್ಞಾನಿ 1922ರಲ್ಲಿ ಘೋಷಿಸಿದ್ದರು. ಪತ್ರಿಕೆಗಳಲ್ಲಿ ಆ ಮನುಷ್ಯನ ಚಿತ್ರ ಕೂಡ ಬಂತು. ಐದು ವರ್ಷ ಕಳೆದು ನೋಡಿದರೆ ಅದು ಪೆಕರಿ ಎಂಬ ಹಂದಿ ಜಾತಿಯ ಪ್ರಾಣಿಯ ಹಲ್ಲು. ಕರಡಿಯದ್ದೂ ಇದೇ ರಗಳೆಯಂತೆ. ಚರ್ಮ, ಉಗುರು ಹೋದ ಕರಡಿ ಪಾದ ಮನುಷ್ಯನ ಕೈಕಾಲಿನಂತೆಯೇ ಕಾಣುತ್ತದೆ.

ಬಲಗಡೆ ಉಳಿದದ್ದು ಒಂದು ಮುರಿದ ತೊಡೆ ಮೂಳೆ, ಮೊಣಕಾಲ ಕೆಳಗಿನ ಎರಡು ತುಂಡು, ಪಾದದ ಕೆಲವು ಚಿಕ್ಕ ಮೂಳೆ. ಎಲ್ಲಾ ಬಲಗಾಲಿನವೇ. "ಹಿಟಾಚಿ ಕಾಲು ಕಡೆಯಿಂದ ಬಂದಿದೆ. ಉಳಿದವರು ಒಳಗಿದ್ದಾರೆ," ಅಂದರು ಮೇಡಂ. ಮೂಳೆಯನ್ನು ‘ಇದು’ ಅನ್ನದೆ ‘ಇವರು’ ಅನ್ನುವುದು ಅವರ ಅಭ್ಯಾಸ. ಸಂಜೆಯಾಗುವಷ್ಟರಲ್ಲಿ ನಮ್ಮ ಎಸ್‌ಐ ಕೂಡ ಹಾಗೇ ಹೇಳಲು ಶುರು ಮಾಡಿದ್ದರು.

ಅದರಲ್ಲಿ ಒಂದು ತುಂಡಿನ ಅಂಚಿನಲ್ಲಿ ಸಾಲಾಗಿ ಗೀರುಗಳಿದ್ದವು. ರೈಟರ್ ಕಥೆಯವರಿಗೆ ಅಷ್ಟು ಸಾಕಾಗಿತ್ತು. ಕತ್ತಿ ಏಟು! ಮೇಡಂ ಲೆನ್ಸ್ ಕೊಟ್ಟು ನನ್ನನ್ನೇ ನೋಡಲು ಹೇಳಿದರು. ಗೀರುಗಳು ಜೋಡಿ ಜೋಡಿಯಾಗಿ, ಒಂದರ ಪಕ್ಕ ಒಂದು, ತಳ ಚಪ್ಪಟೆಯಾಗಿ ಇದ್ದವು. ಕತ್ತಿ ಬಿದ್ದರೆ ಗಾಯದ ತಳ ಚೂಪಾಗಿರುತ್ತದೆ, ಇಷ್ಟು ಅಚ್ಚುಕಟ್ಟಾಗಿ ಅಂಚಿನುದ್ದಕ್ಕೂ ಬರುವುದಿಲ್ಲ. ಇದು ಮುಳ್ಳುಹಂದಿ ಕಡಿದದ್ದು. ಅದಕ್ಕೆ ಹಲ್ಲು ಸದಾ ಬೆಳೆಯುತ್ತಲೇ ಇರುತ್ತದೆ, ಸವೆಸಲು ಗಟ್ಟಿ ವಸ್ತು ಬೇಕು, ಮೂಳೆಯ ಸುಣ್ಣದ ಅಂಶವೂ ಬೇಕು. ಹಿಂದೆ ಯಾವುದೋ ಮಳೆಗಾಲದಲ್ಲಿ ದಂಡೆ ಜರಿದು ಕಾಲಿನ ಮೂಳೆ ಹೊರಗೆ ಬಿದ್ದಿರಬೇಕು, ಅದರ ಕಣ್ಣಿಗೆ ಬಿದ್ದಿದೆ. ಮುರಿದ ಕಡೆ ನೋಡಿದರೆ ಮೇಲ್ಮೈ ಕಂದು, ಮುರಿದ ಅಂಚು ಮಾತ್ರ ಬೆಳ್ಳಗೆ. ಅದು ಹಿಂದಿನ ದಿನ ಹಿಟಾಚಿ ಮುರಿದದ್ದು. ಬದುಕಿದ್ದಾಗ ಅಥವಾ ಸಾಯುವ ಹೊತ್ತಿಗೆ ಮುರಿದಿದ್ದರೆ ಅಂಚಿಗೂ ಮಣ್ಣಿನ ಅದೇ ಬಣ್ಣ ಹತ್ತಿರುತ್ತಿತ್ತು. ಹಸಿ ಮೂಳೆ ಮುರಿಯುವ ರೀತಿಯೇ ಬೇರೆ, ಸೀಳಿಕೊಂಡು ಓರೆಯಾಗಿ ಮುರಿಯುತ್ತದೆ. ಒಣಗಿದ್ದು ಅಡ್ಡಕ್ಕೆ ಪಟ್ ಅನ್ನುತ್ತದೆ.

ಇಷ್ಟಾದ ಮೇಲೆ ಗುಂಡಿ. ನಾನು ಅಂದುಕೊಂಡಿದ್ದು ಗುದ್ದಲಿ, ಹಾರೆ. ಅವರು ಚೀಲದಿಂದ ತೆಗೆದದ್ದು ದಾರ, ಗೂಟ, ಮಟ್ಟ ನೋಡುವ ಸಾಮಾನು, ಗಾರೆಯವರ ಕರಣೆ, ಬ್ರಷ್ಷು, ಬಿದಿರಿನ ಸೀಳು. ಕಬ್ಬಿಣ ತಾಗಿದರೆ ಮೆದು ಮೂಳೆಗೆ ಗಾಯವಾಗುತ್ತದೆ, ಬಿದಿರಾದರೆ ಬಾಗುತ್ತದೆ. ನೆಲದ ಮೇಲೆ ದಾರ ಎಳೆದು ಚೌಕ ಮಾಡಿದರು. ಮೇಲಿನ ಮಣ್ಣನ್ನು ತೆಳುವಾಗಿ, ಅಂಗೈ ದಪ್ಪಕ್ಕೂ ಕಡಿಮೆ, ಕೆರೆದು ಕೆರೆದು ತೆಗೆದರು. ತೆಗೆದ ಅಷ್ಟೂ ಮಣ್ಣು ಜರಡಿಗೆ. ಆ ಕೆಲಸಕ್ಕೆ ಯಜಮಾನರ ಕಣದಲ್ಲಿ ಕಾಫಿ ಜರಡಿ ಹಿಡಿಯುವ ಇಬ್ಬರು ಹೆಂಗಸರು ಸಿಕ್ಕರು. ಅವರ ಕೈಯಲ್ಲಿ ಒಂದು ಬೆರಳ ತುದಿಯ ಮೂಳೆಯೂ ತಪ್ಪಲಿಲ್ಲ.

ಕೈ ಕಾಲಿನ ಮೂಳೆಗಳ ಬಗ್ಗೆ ಇಷ್ಟು ಎಚ್ಚರ ಯಾಕೆ ಅಂತ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ದೊಡ್ಡವರ ಮೈಯಲ್ಲಿ 206 ಮೂಳೆ ಅಂತ ನಾವೇ ಪಾಠ ಮಾಡುತ್ತೇವೆ. ಒಂದು ಕೈಯಲ್ಲಿ 27, ಒಂದು ಪಾದದಲ್ಲಿ 26. ಎರಡೆರಡು ಸೇರಿಸಿದರೆ 106. ಅರ್ಧಕ್ಕಿಂತ ಜಾಸ್ತಿ ಅಲ್ಲೇ ಆಯಿತು. ಯೂರಿಯಾ ಚೀಲಕ್ಕೆ ತುಂಬಿದ್ದರೆ ಮೊದಲು ಮಣ್ಣುಪಾಲಾಗುತ್ತಿದ್ದದ್ದು ಅವೇ.

ಸುಮಾರು ಹೊತ್ತು ಏನೂ ಸಿಗಲಿಲ್ಲ. ಆದರೆ ಮಣ್ಣಿನ ಬಣ್ಣ ಬದಲಾಯಿತು. ಸುತ್ತ ಗಟ್ಟಿ ಕೆಂಪು ಮಣ್ಣು, ನಡುವೆ ಉದ್ದಕ್ಕೆ ಒಂದು ಮೆತ್ತನೆಯ, ಕಪ್ಪು ಬೆರೆತ ಪಟ್ಟಿ. ಒಮ್ಮೆ ಅಗೆದು ಮುಚ್ಚಿದ ಮಣ್ಣು ಎಷ್ಟು ಕಾಲವಾದರೂ ಮೊದಲಿನ ಹಾಗೆ ಕೂರುವುದಿಲ್ಲವಂತೆ, ಮೇಲಿನ ಗೊಬ್ಬರ ಮಣ್ಣು ಕೆಳಗಿನದ್ದರ ಜೊತೆ ಬೆರೆತೇ ಇರುತ್ತದೆ. ಮೇಡಂ ಆ ಪಟ್ಟಿಯ ಅಂಚಿಗೆ ಕರಣೆಯಿಂದ ಗೆರೆ ಎಳೆದರು. ನಮ್ಮ ಕಣ್ಣ ಮುಂದೆ ಒಂದು ಗುಂಡಿಯ ಆಕಾರ ಬಂತು. ನೆಟ್ಟಗೆ, ಮೂಲೆ ಮೂಲೆಗೆ ಸರಿಯಾಗಿ ಅಗೆದ ಗುಂಡಿ.

"ಅವಸರದಲ್ಲಿ ಅಗೆದವರು ಇಷ್ಟು ಚೆಂದ ಅಗೆಯುವುದಿಲ್ಲ," ಅಂದರು ಡಾಕ್ಟರು. ಮೇಡಂ ಅವರ ಕಡೆ ಒಂದು ಸಲ ನೋಡಿದರು ಅಷ್ಟೆ. ಡಾಕ್ಟರು ಆಮೇಲೆ ಅಂಥ ಮಾತು ಆಡಲಿಲ್ಲ.

ಟೀ ಕುಡಿಯುವಾಗ ಮೇಡಂ ಯಜಮಾನರನ್ನು ಕೇಳಿದ ಮೊದಲ ಪ್ರಶ್ನೆ, "ಇಲ್ಲಿನ ಮಣ್ಣಿನ ಪಿಎಚ್ ಎಷ್ಟು ಸಾರ್?" ಕಾಫಿ ಬೆಳೆಗಾರರಿಗೆ ಇದು ಬಾಯಿಪಾಠ. "ಐದೂವರೆ ಹತ್ತಿರ. ಎರಡು ವರ್ಷಕ್ಕೊಮ್ಮೆ ಸುಣ್ಣ ಹಾಕಿಸ್ತೀವಿ." ನಮ್ಮ ಕಡೆ ಮಣ್ಣು ಹುಳಿ ಅಂತ ಸುಣ್ಣ ಹಾಕುವುದು ಗಿಡಕ್ಕೆ. ಅದು ಮೂಳೆಯನ್ನೂ ಕಾದಿದೆ ಅಂತ ಅವತ್ತು ತಿಳಿಯಿತು. ಹುಳಿ ಮಣ್ಣು, ಜೊತೆಗೆ ಕೊಡಗಿನ ಮಳೆ. ಮೂಳೆಯ ಕ್ಯಾಲ್ಸಿಯಂ ಕರಗಿ ಹೋಗುತ್ತದೆ. ಒಣ ಸೀಮೆಯಲ್ಲಿ ಸಾವಿರಾರು ವರ್ಷ ಉಳಿಯುವ ಮೂಳೆ ಇಲ್ಲಿ ಅಷ್ಟು ಕಾಲ ಉಳಿಯುವುದು ಕಷ್ಟ. "ನೀವು ಸುಣ್ಣ ಹಾಕದೆ ಇದ್ದಿದ್ದರೆ ನಾನು ಇಷ್ಟು ದೂರ ಬರುವ ಕೆಲಸ ಇರುತ್ತಿರಲಿಲ್ಲವೋ ಏನೋ," ಅಂದರು. ಯಜಮಾನರ ಮುಖ ನೋಡಬೇಕಿತ್ತು.

ದೇಹ ಎಷ್ಟು ಕಾಲದಲ್ಲಿ ಕರಗುತ್ತದೆ ಅನ್ನುವುದನ್ನು ಕಣ್ಣಾರೆ ನೋಡಿ ಬರೆದುಕೊಳ್ಳಲೆಂದೇ ಅಮೆರಿಕದ ಟೆನ್ನೆಸ್ಸಿ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಬ್ಯಾಸ್ ಎಂಬ ಪ್ರೊಫೆಸರ್ 1980ರ ದಶಕದ ಆರಂಭದಲ್ಲಿ ಒಂದು ಬೇಲಿ ಹಾಕಿದ ಜಾಗ ಮಾಡಿದರು. ಜನ ದಾನ ಕೊಟ್ಟ ದೇಹಗಳನ್ನು ಬಿಸಿಲಲ್ಲಿ, ನೆರಳಲ್ಲಿ, ಮಣ್ಣಲ್ಲಿ ಇಟ್ಟು ನೋಡುತ್ತಾರೆ. ಆದರೆ ಅಲ್ಲಿನ ಲೆಕ್ಕವನ್ನು ಜೂನ್ ತಿಂಗಳ ಕೊಡಗಿಗೆ ತಂದು ಹಾಕಲಾಗದು. ಅದಕ್ಕೇ ಮೇಡಂ ಮೂಳೆ ನೋಡಿ ‘ಇಷ್ಟು ವರ್ಷ’ ಅನ್ನಲು ಒಪ್ಪಲೇ ಇಲ್ಲ. ಎಸ್‌ಐ ಮೂರು ರೀತಿಯಲ್ಲಿ ಕೇಳಿದರು. "ಸುಮಾರಾಗಿ ಹೇಳಿ ಮೇಡಂ, ಬರೆಯೋದಿಲ್ಲ." "ಬರೆಯದೆ ಇರೋದನ್ನು ಹೇಳೋದು ಯಾಕೆ ಸಾರ್?" ಅಂದರು.

ಕಾಲ ಹೇಳಿದ್ದು ಬೇರೆ ಎರಡು ವಸ್ತು.

ಒಂದು, ಬೇರು. ಆ ದಂಡೆಯ ಮೇಲೆ ಹಳೆಯ ರೋಬಸ್ಟಾ ಗಿಡಗಳಿದ್ದವು. ಬೆರಳು ಗಾತ್ರದ ಒಂದು ಬೇರು ಸೊಂಟದ ಮೂಳೆಯ ತೂತಿನಲ್ಲಿ ಒಂದು ಕಡೆ ನುಗ್ಗಿ ಇನ್ನೊಂದು ಕಡೆ ಹೊರಗೆ ಬಂದಿತ್ತು. ಮೂಳೆಯ ಮೇಲೆಲ್ಲಾ ಸಣ್ಣ ಬೇರುಗಳು ಕೊರೆದ ಗೆರೆ. ಮೇಡಂ ಆ ಬೇರನ್ನು ಕತ್ತರಿಸುವ ಮೊದಲು ಎಲ್ಲಾ ಕಡೆಯಿಂದ ಫೋಟೋ ತೆಗೆಸಿದರು. ಪಕ್ಕದಲ್ಲಿ ಅಳತೆಯ ಪಟ್ಟಿ, ಉತ್ತರ ದಿಕ್ಕಿನ ಬಾಣ. ಗಿಡ ನೆಟ್ಟ ಮೇಲೆ ಗುಂಡಿ ತೋಡಿದ್ದರೆ ಬೇರು ಕಡಿದ ಗುರುತು ಗುಂಡಿಯ ಅಂಚಿನಲ್ಲಿ ಇರಬೇಕಿತ್ತು. ದೊಡ್ಡ ಬೇರು ಒಂದೂ ಕಡಿದಿರಲಿಲ್ಲ. ಅಂದರೆ ಮೊದಲು ಹೂತದ್ದು, ಆಮೇಲೆ ಕಾಫಿ. ಯಜಮಾನರ ತಂದೆಯ ಕಾಲದ ಪುಸ್ತಕದಲ್ಲಿ ಆ ಬ್ಲಾಕಿಗೆ ಗಿಡ ಹಾಕಿದ ವರ್ಷ ಬರೆದಿತ್ತು: 1986.

ಇನ್ನೊಂದು, ತಲೆಬುರುಡೆಯ ಕೆಳಗೆ ಮಣ್ಣಿನಲ್ಲಿ ಸಿಕ್ಕ ಒಂದು ನಾಣ್ಯ. ಅಲೆ ಅಲೆ ಅಂಚಿನ ಅಲ್ಯೂಮಿನಿಯಂ ಹತ್ತು ಪೈಸೆ. ನನ್ನ ವಯಸ್ಸಿನವರಿಗೆಲ್ಲ ಗೊತ್ತು, ಅದನ್ನು ಕೊಟ್ಟು ಪೆಪ್ಪರ್‌ಮಿಂಟ್ ತಿಂದವರು ನಾವು. ಬ್ರಷ್ಷಿನಿಂದ ಉಜ್ಜಿದಾಗ 1974 ಅಂತ ಕಂಡಿತು. ಹಾಗಾದರೆ 1974ಕ್ಕಿಂತ ಮೊದಲಲ್ಲ. ಅಣುಬಾಂಬ್ ಪರೀಕ್ಷೆಗಳಿಂದ 1950ರ ದಶಕದ ನಂತರ ಗಾಳಿಯಲ್ಲಿ ಹೆಚ್ಚಾದ ಕಾರ್ಬನ್-14 ಅನ್ನು ಹಲ್ಲು, ಮೂಳೆಯಲ್ಲಿ ಅಳೆದು ಹಳೆಯದೋ ಈಚಿನದೋ ಹೇಳುವ ವಿಧಾನವೂ ಇದೆಯಂತೆ. ಅದಕ್ಕೆ ದುಡ್ಡು, ಲ್ಯಾಬು, ತಿಂಗಳುಗಟ್ಟಲೆ ಸಮಯ ಬೇಕು. ಇಲ್ಲಿ ಹತ್ತು ಪೈಸೆಗೇ ಕೆಲಸ ಆಯಿತು. ರಾಜರ ಕಾಲದ ಕಥೆ ಅಲ್ಲಿಗೆ ಮುಗಿಯಿತು. ಇಪ್ಪತ್ತು ವರ್ಷದ ಹಿಂದೆ ಕಾಣೆಯಾದ ರೈಟರ್ ಕಥೆಯೂ ಕಾಫಿ ಬೇರಿನಿಂದ ಬಿತ್ತು. ಆದರೂ ಸಂಜೆ ಅಂಗಡಿ ಮುಂದೆ ಅದೇ ಮಾತು ನಡೆದಿತ್ತು. ಚೆನ್ನಾಗಿರುವ ಕಥೆಯನ್ನು ಯಾರು ಸುಮ್ನೆ ಬಿಡುತ್ತಾರೆ?

ಅಸ್ಥಿಪಂಜರ ಪೂರ್ತಿ ಕಾಣಿಸಿದಾಗ ಹಗಲು ಇಳಿಯುತ್ತಿತ್ತು. ಮಲಗಿಸಿದ ಹಾಗೆ ನೇರವಾಗಿತ್ತು, ಕೈಗಳು ಮೈಯ ಪಕ್ಕ, ತಲೆ ದಕ್ಷಿಣಕ್ಕೆ. ಒಂದೊಂದು ಮೂಳೆಯನ್ನೂ ಎತ್ತುವ ಮೊದಲು ನಕ್ಷೆಯಲ್ಲಿ ಬರೆದುಕೊಂಡರು. ಕಟ್ಟಿದ್ದು ಕಾಗದದ ಕವರಿನಲ್ಲಿ. ಪ್ಲಾಸ್ಟಿಕ್ ಆದರೆ ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ. ಎಡಗೈ ಬೇರೆ, ಬಲಗೈ ಬೇರೆ. ಪ್ರತಿ ಕವರಿಗೂ ನಂಬರು, ಅರಗಿನ ಮುದ್ರೆ, ನಮ್ಮ ಸಹಿ. ಜೊತೆಗೆ ಗುಂಡಿಯ ಒಳಗಿನ ಮಣ್ಣು, ಹೊರಗಿನ ಮಣ್ಣು, ಆ ಬೇರಿನ ತುಂಡು. ಸಹಿ ಹಾಕಿ ಹಾಕಿ ನನ್ನ ಕೈ ನೋವು ಬಂತು. ಜೊತೆಗಿದ್ದ ಇನ್ನೊಬ್ಬ ಪಂಚ, ಪಂಚಾಯಿತಿಯ ಬಿಲ್ ಕಲೆಕ್ಟರ್, ಕೊನೆ ಕೊನೆಗೆ ಓದದೆ ಸಹಿ ಮಾಡುತ್ತಿದ್ದ. ಮೇಡಂ ಗಮನಿಸಿ, "ಓದಿ ಸಾರ್, ನಾಳೆ ಕೋರ್ಟಲ್ಲಿ ಕೇಳೋದು ನಿಮ್ಮನ್ನೇ," ಅಂದರು.

ಪಂಚನ ಕೆಲಸ ಅಲ್ಲಿಗೆ ಮುಗಿದಿತ್ತು. ನನಗೆ ತಡೆಯಲಾಗಲಿಲ್ಲ. ಮೂಳೆ ತೊಳೆದು ನೆರಳಲ್ಲಿ ಒಣಗಿಸಿ ಜೋಡಿಸುವ ದಿನ ಡಾಕ್ಟರ ಒಪ್ಪಿಗೆ ಕೇಳಿ ಮಡಿಕೇರಿಗೆ ಹೋದೆ.

ಉದ್ದನೆಯ ಮೇಜಿನ ಮೇಲೆ ಬಿಳಿ ಬಟ್ಟೆ, ಅದರ ಮೇಲೆ ತಲೆಯಿಂದ ಪಾದದವರೆಗೆ ಆಯಾ ಜಾಗದಲ್ಲಿ ಮೂಳೆ. ಮೊದಲ ಕೆಲಸ ಎಣಿಕೆ. ಒಂದೇ ಕಡೆಯ ಮೂಳೆ ಎರಡು ಸಿಕ್ಕರೆ ಇಬ್ಬರು ಅಂತ ಲೆಕ್ಕ. ಇಲ್ಲಿ ಯಾವುದೂ ಎರಡಿರಲಿಲ್ಲ.

ಆಮೇಲೆ ಸೊಂಟ. ಮೇಡಂ ಸೊಂಟದ ಮೂಳೆಯ ಹಿಂದಿನ ಕೊರಕಲಿನಲ್ಲಿ ನನ್ನ ಹೆಬ್ಬೆರಳು ಇಡಿಸಿ, "ಆ ಕಡೆ ಈ ಕಡೆ ಅಲ್ಲಾಡಿಸಿ," ಅಂದರು. ಆರಾಮಾಗಿ ಅಲ್ಲಾಡಿತು. ಗಂಡಸರದ್ದಾದರೆ ಬೆರಳು ಬಿಗಿಯಾಗುತ್ತದೆ, ಜಾಗ ಇರುವುದಿಲ್ಲ. ಮುಂದುಗಡೆ ಎರಡೂ ಮೂಳೆ ಸೇರುವ ಕೋನವೂ ಅಗಲ. ಹೆರಿಗೆಗಾಗಿ ಆದ ವ್ಯತ್ಯಾಸ ಇದು, ಅದಕ್ಕೇ ಗಂಡು ಹೆಣ್ಣು ಹೇಳಲು ಸೊಂಟದಷ್ಟು ನಂಬಿಕೆ ಬೇರೆ ಯಾವ ಮೂಳೆಗೂ ಇಲ್ಲ. ಬುರುಡೆ ಎರಡನೆಯದು. ಕಿವಿಯ ಹಿಂದಿನ ಉಬ್ಬು ಚಿಕ್ಕದು, ಹುಬ್ಬಿನ ಏಣು ನಯ. ಎಲ್ಲವೂ ಒಂದೇ ಕಡೆ ಹೇಳುತ್ತಿದ್ದವು. ಹೆಂಗಸು.

ಊರಿನ ಒಂದು ಕಥೆಯಲ್ಲೂ ಹೆಂಗಸು ಇರಲಿಲ್ಲ.

ವಯಸ್ಸಿನ ವಿಚಾರ ಬಂದಾಗ ನಾನು ಬುರುಡೆಯ ಹೊಲಿಗೆ ಗೆರೆ ತೋರಿಸಿದೆ. ಹಳೆಯ ಪುಸ್ತಕಗಳಲ್ಲಿ ಅವು ಮುಚ್ಚಿಕೊಂಡದ್ದನ್ನು ನೋಡಿ ವಯಸ್ಸು ಹೇಳುವುದು ಇದೆಯಲ್ಲ. ಅದರ ಮೇಲೆ ಈಗ ಯಾರೂ ಹೆಚ್ಚು ಭಾರ ಹಾಕುವುದಿಲ್ಲವಂತೆ, ಒಬ್ಬೊಬ್ಬರಲ್ಲಿ ಒಂದೊಂದು ಥರ ಮುಚ್ಚುತ್ತದೆ. ಕೊರಳೆಲುಬಿನ ಎದೆಯ ಕಡೆಯ ತುದಿ ಮೈಯಲ್ಲಿ ಕೊನೆಗೆ ಕೂಡಿಕೊಳ್ಳುವ ಜಾಗಗಳಲ್ಲೊಂದು, ಮೂವತ್ತರ ಒಳಗೆ ಸಾಮಾನ್ಯವಾಗಿ ಮುಗಿದಿರುತ್ತದೆ. ಇಲ್ಲಿ ಪೂರ್ತಿ ಕೂಡಿತ್ತು. ಸೊಂಟದ ಮುಂದಿನ ಕೂಡುಜಾಗ ಚಿಕ್ಕ ವಯಸ್ಸಿನಲ್ಲಿ ಶೀಟು ಮಾಡಿನ ಹಾಗೆ ಏರು ತಗ್ಗು ಇರುತ್ತದೆ, ವಯಸ್ಸಾದಂತೆ ಸವೆದು ಚಪ್ಪಟೆಯಾಗಿ ಆಮೇಲೆ ಅಂಚು ಒಡೆಯುತ್ತದೆ. ಇಲ್ಲಿ ಒಡೆಯಲು ಶುರುವಾಗಿತ್ತು. ಎರಡು ದವಡೆ ಹಲ್ಲು ಬದುಕಿದ್ದಾಗಲೇ ಬಿದ್ದು, ಆ ಗುಳಿ ಮೂಳೆ ತುಂಬಿ ಮುಚ್ಚಿಕೊಂಡಿತ್ತು. ಉಳಿದ ಹಲ್ಲಿನಲ್ಲಿ ಕೆಂಪು ಕಂದು ಕಲೆ, ಎಲೆ ಅಡಿಕೆಯದು. ಇಷ್ಟೆಲ್ಲಾ ನೋಡಿ ಅವರು ಬರೆದದ್ದು ‘40 ವರ್ಷ ಮೇಲ್ಪಟ್ಟವರು’. ಅಷ್ಟೇ. ದೊಡ್ಡವರಾದ ಮೇಲೆ ಮೂಳೆ ಬೆಳೆಯುವುದಿಲ್ಲ, ಸವೆಯುತ್ತದೆ. ಸವೆತ ದುಡಿಮೆ, ಊಟ, ಹೆರಿಗೆ ಎಲ್ಲದರ ಮೇಲೂ ಹೋಗುತ್ತದೆ. ಮಕ್ಕಳ ಮೂಳೆಯಲ್ಲಾದರೆ ಹಲ್ಲು ಹುಟ್ಟುವ ಕ್ರಮ ನೋಡಿ ವಯಸ್ಸನ್ನು ತುಂಬಾ ಹತ್ತಿರಕ್ಕೆ ಹೇಳಬಹುದು.

ಎತ್ತರಕ್ಕೆ ಎಡ ತೊಡೆ ಮೂಳೆ ಪೂರ್ತಿ ಸಿಕ್ಕಿತ್ತು. ಹಲಗೆಯ ಮೇಲೆ ಒಂದು ಕಡೆ ಗೋಡೆ, ಇನ್ನೊಂದು ಕಡೆ ಜಾರುವ ಕಟ್ಟಿಗೆ, ನಡುವೆ ಮೂಳೆ. 40 ಸೆಂಟಿಮೀಟರ್ ಚಿಲ್ಲರೆ. ಅದನ್ನು ಸೂತ್ರಕ್ಕೆ ಹಾಕಿದರೆ 149ರಿಂದ 157 ಸೆಂಟಿಮೀಟರ್ ನಡುವೆ ಬಂತು. ಒಂದೇ ಅಂಕಿ ಯಾಕಿಲ್ಲ ಅಂದರೆ, ತೊಡೆ ಅಷ್ಟೇ ಉದ್ದವಿದ್ದರೂ ಇಬ್ಬರ ಎತ್ತರ ಒಂದೇ ಇರಬೇಕೆಂದಿಲ್ಲ. ಇನ್ನೊಂದು ತೊಡಕೂ ಇದೆ. ಪ್ರಪಂಚವೆಲ್ಲ ಬಳಸುವ ಟ್ರಾಟರ್ ಮತ್ತು ಗ್ಲೆಸರ್ ಸೂತ್ರ 1952ರದ್ದು, ಎರಡನೇ ಮಹಾಯುದ್ಧದಲ್ಲಿ ಸತ್ತ ಅಮೆರಿಕದ ಸೈನಿಕರು ಮತ್ತು ಅಲ್ಲಿನ ಒಂದು ಮೂಳೆ ಸಂಗ್ರಹದ ಮೇಲೆ ಮಾಡಿದ್ದು. ಅದರಲ್ಲೂ ಮೊಣಕಾಲ ಕೆಳಗಿನ ಮೂಳೆಯನ್ನು ಅಳೆದ ರೀತಿಯೇ ಅವರು ಹೇಳಿದ್ದಕ್ಕಿಂತ ಬೇರೆ ಇತ್ತು ಅಂತ 1990ರ ದಶಕದಲ್ಲಿ ಗೊತ್ತಾಯಿತು. ನಮ್ಮ ದೇಶದಲ್ಲೂ 1920ರ ದಶಕದಿಂದ ಬೇರೆ ಬೇರೆ ಪ್ರಾಂತ್ಯದವರ ಮೇಲೆ ಲೆಕ್ಕಗಳಾಗಿವೆ. ಯಾವುದನ್ನು ಹಾಕಿದ್ದೇವೆ ಅಂತ ವರದಿಯಲ್ಲಿ ಬರೆಯಲೇಬೇಕು.

ಆಗ ಎಸ್‌ಐ ಫಾರಂ ಹಿಡಿದು ಬಂದರು. "ಮೇಡಂ, ಜಾತಿ ಧರ್ಮದ ಕಾಲಂ ಖಾಲಿ ಇದೆ."

"ಮೂಳೆಯಲ್ಲಿ ಅದು ಇರಲ್ಲ."

"ಖಾಲಿ ಬಿಟ್ರೆ ಮೇಲಿನವರು ವಾಪಸ್ ಕಳಿಸ್ತಾರೆ ಮೇಡಂ."

"ಹಾಗಾದ್ರೆ ‘ತಿಳಿಯುವುದಿಲ್ಲ’ ಅಂತ ಬರೀರಿ. ಅದೂ ಉತ್ತರವೇ."

ಅವರ ಈ ಸ್ವಭಾವ ನನಗೆ ಮೊದಮೊದಲು ಕಿರಿಕಿರಿ ಅನಿಸಿತ್ತು. ಇಷ್ಟು ಓದಿದವರು ಒಂದು ಮಾತು ಗಟ್ಟಿಯಾಗಿ ಹೇಳಬಾರದಾ ಅಂತ. ಆಮೇಲೆ ಅವರೇ ಹೇಳಿದ ಅಜ್ನಾಲಾ ವಿಷಯ ಕೇಳಿ ಅರ್ಥವಾಯಿತು. ಪಂಜಾಬಿನ ಅಜ್ನಾಲಾದಲ್ಲಿ ಒಂದು ಹಳೆಯ ಬಾವಿ. 2014ರಲ್ಲಿ ಅಲ್ಲಿನವರೇ ಉತ್ಸಾಹದಿಂದ ಅಗೆದು ರಾಶಿ ರಾಶಿ ಮೂಳೆ ತೆಗೆದರು. ತಜ್ಞರು ಜೊತೆಗಿರಲಿಲ್ಲ, ಮೂಳೆಗಳು ಒಂದಕ್ಕೊಂದು ಕಲೆಸಿ ಹೋದವು. 1857ರಲ್ಲಿ ಬ್ರಿಟಿಷರು ಕೊಂದ ಸಿಪಾಯಿಗಳು ಅಂತ ಕೆಲವರು, ದೇಶ ವಿಭಜನೆಯ ಗಲಭೆಯಲ್ಲಿ ಸತ್ತವರು ಅಂತ ಕೆಲವರು. ಕೊನೆಗೆ ಹಲ್ಲುಗಳ ಡಿಎನ್‌ಎ ಮತ್ತು ಐಸೊಟೋಪ್ (ಬೆಳೆದ ಕಡೆಯ ನೀರು, ಊಟ ಹಲ್ಲಿನಲ್ಲಿ ಬಿಟ್ಟ ಗುರುತು) ನೋಡಿ, ಅವರು ಪಂಜಾಬಿನವರಲ್ಲ, ಗಂಗಾ ಬಯಲಿನ ಕಡೆಯವರು ಅಂತ 2022ರಲ್ಲಿ ಪ್ರಕಟವಾಯಿತು. ಸಿಪಾಯಿಗಳ ಕಥೆಗೇ ಅದು ಹೊಂದಿತು. ಅಷ್ಟು ಹೇಳಲು ಎಂಟು ವರ್ಷ. ಅರ್ಜೆಂಟೀನಾದಲ್ಲಿ ಸೇನೆಯ ಆಡಳಿತ ಕಾಣೆ ಮಾಡಿದವರನ್ನು ಹುಡುಕಲು ಕ್ಲೈಡ್ ಸ್ನೋ ಎಂಬ ಅಮೆರಿಕದ ತಜ್ಞ 1984ರಲ್ಲಿ ಹೋದಾಗಲೂ ಮೊದಲು ಮಾಡಿದ ಕೆಲಸ ಬುಲ್ಡೋಜರ್ ನಿಲ್ಲಿಸಿದ್ದು. ಕಾಲೇಜು ಹುಡುಗ ಹುಡುಗಿಯರನ್ನು ಸೇರಿಸಿಕೊಂಡು ಕೈಯಲ್ಲಿ ಅಗೆಯುವುದನ್ನು ಕಲಿಸಿದರು. ಅವರ ಸಾಕ್ಷ್ಯ ಅಲ್ಲಿನ ಸೇನಾ ನಾಯಕರ ವಿಚಾರಣೆಯಲ್ಲಿ ಉಪಯೋಗಕ್ಕೆ ಬಂತು. ಮೂಳೆಯಲ್ಲಿ ಇಲ್ಲದ್ದನ್ನು ಒಂದೇ ಒಂದು ಮಾತು ಸೇರಿಸಿದ್ದರೂ ಎದುರಿನ ವಕೀಲ ಇಡೀ ವರದಿಯನ್ನು ಹರಿದು ಹಾಕುತ್ತಿದ್ದ.

ನಾನು 2018ರ ಭೂಕುಸಿತದ ಬಗ್ಗೆ ಕೇಳಿದೆ. ಕೊಡಗಿನವರಿಗೆ ಆ ಪ್ರಶ್ನೆ ಬಂದೇ ಬರುತ್ತದೆ. ಮರುವರ್ಷ ತೋರದಲ್ಲಿ, 2020ರಲ್ಲಿ ತಲಕಾವೇರಿಯಲ್ಲಿ ಗುಡ್ಡ ಕುಸಿದಾಗ ಕೆಲವರು ಸಿಗಲೇ ಇಲ್ಲ. ಮುಂದೆ ಎಂದಾದರೂ ಮೂಳೆ ಸಿಕ್ಕರೆ? ಸಿಕ್ಕರೆ ಡಿಎನ್‌ಎ ನೋಡಬಹುದು, ಆದರೆ ಹೋಲಿಸಲು ಮನೆಯವರ ರಕ್ತದ ಮಾದರಿ ಬೇಕು ಅಂದರು. ತಾಯಿಯಿಂದ ಮಕ್ಕಳಿಗೆ ಬರುವ ಡಿಎನ್‌ಎ ಹಳೆಯ ಮೂಳೆಯಲ್ಲೂ ಹೆಚ್ಚು ಕಾಲ ಸಿಗುತ್ತದೆ, ಹಾಗಾಗಿ ತಾಯಿ ಕಡೆಯ ಒಬ್ಬರಿದ್ದರೂ ಸಾಕು. ನಮ್ಮ ಮೇಜಿನ ಮೇಲಿದ್ದವರಿಗೆ ಅದೇ ಇರಲಿಲ್ಲ. ಒಂದು ಹಲ್ಲು, ತೊಡೆಯ ಒಂದು ತುಂಡು ಬೆಂಗಳೂರಿನ ಮಡಿವಾಳದ ಫೊರೆನ್ಸಿಕ್ ಲ್ಯಾಬು ಎಫ್‌ಎಸ್‌ಎಲ್‌ಗೆ ಹೋಯಿತು. ಯಾರ ಜೊತೆ ಹೋಲಿಸಬೇಕು ಅನ್ನುವ ಜಾಗ ಖಾಲಿಯೇ ಇತ್ತು.

ಸುಳಿವು ಸಿಕ್ಕಿದ್ದು ಬಲ ಮುಂಗೈಯಿಂದ. ಅಲ್ಲಿನ ಎರಡೂ ಮೂಳೆ ಮಣಿಕಟ್ಟಿನ ಮೇಲೆ ಮುರಿದು, ಕೂಡಿಕೊಂಡು, ಸ್ವಲ್ಪ ಸೊಟ್ಟಗಾಗಿದ್ದವು. ಕೂಡಿದ ಕಡೆ ಗಂಟು, ಆದರೆ ಮೇಲ್ಮೈ ನಯ. ಸಾಯುವ ಎಷ್ಟೋ ವರ್ಷ ಮೊದಲಿನ ಏಟು. ಬೇರೆಲ್ಲೂ ಏಟಿನ ಗುರುತಿರಲಿಲ್ಲ.

ಎಸ್‌ಐ ಇದನ್ನು ತೋಟದ ಕೂಲಿಯವರ ಲೈನ್ ಮನೆಗಳಲ್ಲಿ ವಿಚಾರಿಸಿದರು. ಅಲ್ಲಿರುವ ಎಲ್ಲರಿಗಿಂತ ಹಿರಿಯ ಅಜ್ಜಿಗೆ ಕಣ್ಣು ಮಂಜು, ನೆನಪು ಮಂಜಲ್ಲ. ನಾನೂ ಜೊತೆಗೆ ಹೋಗಿದ್ದೆ.

"ಅಲ್ಲಿ ಮೊದ್ಲು ಕಾಫಿ ಎಲ್ಲಿತ್ತು ಮೇಷ್ಟ್ರೇ? ಬರೀ ಪೊದೆ. ಪಿರಿಯಾಪಟ್ಣ, ಹುಣಸೂರು ಕಡೆಯಿಂದ ಬಂದೋರು ಇಲ್ಲೇ ಸತ್ರೆ ಊರಿಗೆ ಹೊತ್ಕೊಂಡು ಹೋಗೋಕಾಗ್ತಿತ್ತಾ? ಅಲ್ಲೇ ಮಣ್ಣು ಮಾಡ್ತಿದ್ರು. ಹಣೆಗೆ ಕಾಸು ಇಟ್ಟು."

ಕೈ ಮುರಿದವರು ಯಾರಾದರೂ? ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿದರು. ಒಬ್ಬಳಿದ್ದಳು, ಮೆಣಸಿನ ಏಣಿಯಿಂದ ಬಿದ್ದು ಕೈ ಮುರಿದುಕೊಂಡಿದ್ದಳು. ನಾಟಿ ವೈದ್ಯರು ಕಟ್ಟಿದ್ದು ಸೊಟ್ಟಗೆ ಕೂಡಿತು. ಆಮೇಲೆ ಎಡಗೈಯಲ್ಲೇ ಕಾಫಿ ಕುಯ್ಯುತ್ತಿದ್ದಳು. ಜ್ವರ ಬಂದು ಹೋದಳು. ಹೆಸರು ಕೇಳಿದರೆ ಎಲ್ಲರೂ ಕರೆಯುತ್ತಿದ್ದ ಅಡ್ಡಹೆಸರು ಮಾತ್ರ ಗೊತ್ತು. ಕೂಲಿಯವರ ಹಾಜರಿ ಬರೆಯುವ ಆ ಕಾಲದ ಚೆಕ್‌ರೋಲ್ ಪುಸ್ತಕ ಹುಡುಕಿಸಿದರು. ಗೆದ್ದಲು ತಿಂದು ಬರೀ ರಟ್ಟು ಉಳಿದಿತ್ತು.

ಎಸ್‌ಐ ಖುಷಿಯಿಂದ ಫೋನ್ ಮಾಡಿದರು. "ಮೇಡಂ, ಐಡೆಂಟಿಟಿ ಸಿಕ್ತು!" ಆ ಕಡೆಯಿಂದ ಬಂದ ಉತ್ತರ ಅವರೇ ನನಗೆ ಹೇಳಿದ್ದು: "ಅಜ್ಜಿ ಹೇಳಿದ್ದಕ್ಕೆ ನಮಗೆ ಸಿಕ್ಕಿದ್ದು ಹೊಂದುತ್ತದೆ ಅಂತ ಬರೀತೀನಿ. ಅವರೇ ಅಂತ ಬರೆಯೋಕಾಗಲ್ಲ."

ವರದಿಯಲ್ಲಿ ಹಾಗೇ ಬಂತು. ಹೆಂಗಸು, 40ರ ಮೇಲೆ, ಸಂಪ್ರದಾಯದಂತೆ ಹೂತ ಲಕ್ಷಣ, ಸಾವಿನ ಹೊತ್ತಿನ ಏಟಿನ ಗುರುತು ಮೂಳೆಗಳಲ್ಲಿ ಕಂಡುಬಂದಿಲ್ಲ, ಸಾವಿನ ಕಾರಣ ಮೂಳೆಗಳಿಂದ ಹೇಳಲಾಗದು. ಈ ಕೊನೆಯ ಸಾಲಿಗೆ ಎಸ್‌ಐ ಬೇಜಾರಾದರು. ಆದರೆ ವಿಷ, ಉಸಿರು ಕಟ್ಟಿಸುವುದು, ಜ್ವರ, ಇವು ಯಾವುವೂ ಮೂಳೆಯ ಮೇಲೆ ಗುರುತು ಬಿಡಲೇಬೇಕೆಂದಿಲ್ಲ. ತಹಶೀಲ್ದಾರರು ಯುಡಿಆರ್ ಮುಚ್ಚಿದ್ದು ಅಷ್ಟರ ಮೇಲೆಯೇ. ಮೂಳೆಗಳನ್ನು ಪಂಚಾಯಿತಿಗೆ ಒಪ್ಪಿಸಿದರು, ಊರಿನ ಸ್ಮಶಾನದಲ್ಲಿ ಮಣ್ಣಾಯಿತು. ಖರ್ಚು ಯಜಮಾನರದ್ದು. ಅಜ್ಜಿ ಬಂದಿದ್ದರು. ರೈಟರ್ ಕಥೆ ಹೇಳುತ್ತಿದ್ದವರೂ ಬಂದಿದ್ದರು, ಹಾಗಾದರೆ ರೈಟರ್ ಎಲ್ಲಿ ಅಂತ ಅಲ್ಲೇ ಹೊಸದಾಗಿ ಶುರು ಮಾಡಿದರು.

ಕೆರೆ ಕೆಲಸ ಆ ಬೇಸಿಗೆಯಲ್ಲಿ ಆಗಲಿಲ್ಲ. ಫೈಲು ಮುಚ್ಚುವವರೆಗೆ ಆ ಜಾಗ ಮುಟ್ಟುವ ಹಾಗಿರಲಿಲ್ಲ. ಮುಚ್ಚಿದ ಮೇಲೆ ಯಜಮಾನರು ಅಜ್ಜಿಯನ್ನು ಕೇಳಿದರು, ಆ ದಂಡೆಯಲ್ಲಿ ಇನ್ನೂ ಎಷ್ಟು ಜನ ಇರಬಹುದು ಅಂತ. "ಎಣಿಸ್ದೋರ್ ಯಾರು ಸಾವ್ಕಾರ್ರೇ," ಅಂದರು ಅಜ್ಜಿ. ಅವರು ಕೆರೆಯನ್ನು ಕೆಳಗಿನ ಗದ್ದೆಗೆ ಸರಿಸಿದರು. ಹಿಟಾಚಿ ಮತ್ತೆ ಬಂದ ದಿನ ಆಪರೇಟರ್ ಬೇರೆಯವನು, ಆದರೂ ವಿಷಯ ಅವನ ಕಿವಿಗೆ ಬಿದ್ದಿತ್ತು. ಮೇಷ್ಟ್ರು ಬಂದು ನಿಂತರೆ ಮಾತ್ರ ಕೆಲಸ ಅಂದನಂತೆ. ಭಾನುವಾರವಾದ್ದರಿಂದ ಹೋಗಿ ನಿಂತೆ. ಮಧ್ಯಾಹ್ನದ ಹೊತ್ತಿಗೆ ಒಂದು ಮೂಳೆ ಬಂತು, ಅವನು ಗಾಡಿ ನಿಲ್ಲಿಸಿ ನನ್ನ ಮುಖ ನೋಡಿದ. ಕೊಂಬು ಸಮೇತ ಇತ್ತು, ಎಮ್ಮೆಯದು. ಫೋನ್ ಮಾಡುವ ಪ್ರಮೇಯ ಬರಲಿಲ್ಲ.